ಬಾಯಿಬಿಟ್ಟು ಕೊಟ್ಟ ಮಾತು

ಸಿದ್ಧಲಿಂಗೇಶ ಮತ್ತು ಅವನ ಅಣ್ಣ ರುದ್ರಪ್ಪ ಮಾತಾಡದೆ ವರ್ಷದ ಮೇಲಾಗಿತ್ತು. ಲಾಕ್‌ಡೌನಿನ ದೀಪಾವಳಿಯಲ್ಲಿ ರುದ್ರಪ್ಪ ಸ್ಯಾನ್ ಡಿಯಾಗೋದಿಂದ ಜೂಮ್‌ನಲ್ಲಿ ಹಾಡಿದ್ದ. ಹಾಡು ಮುಗಿಯುತ್ತಲೇ ಸಿದ್ಧಲಿಂಗೇಶ, ಮೈಕ್ ಆಫ್ ಇದೆ ಎಂದುಕೊಂಡು, "ಇದನ್ನ ಕೇಳಿದ್ರ ಹಿಂಡೋ ಎಮ್ಮಿನೂ ಒದೀತೈತಿ" ಎಂದುಬಿಟ್ಟ. ಮೈಕ್ ಆನ್ ಇತ್ತು. ಅಂದಿನಿಂದ ಅಣ್ಣನ ಫೋನಿಲ್ಲ.

ಕ್ಷಮೆ ಕೇಳಬೇಕೆಂದು ಅವನು ದಿನಾ ಹಲ್ಲುಜ್ಜುತ್ತ ಮನಸ್ಸಿನಲ್ಲೇ ನಿಶ್ಚಯಿಸುತ್ತಿದ್ದ. ಬಾಯಿ ಮುಕ್ಕಳಿಸುವಾಗ ನಿಶ್ಚಯವೂ ನೊರೆಯ ಜೊತೆ ಹೋಗುತ್ತಿತ್ತು.

ಆ ಭಾನುವಾರ ಕ್ಯಾಲಿಫೋರ್ನಿಯಾದ ಸೆರಿಟೋಸ್‌ನಲ್ಲಿ ಸಿದ್ಧಲಿಂಗೇಶನ ಪಕ್ಕದ ಮನೆಯ ಯಹೂದಿ ಹಿರಿಯ ರೂಬೆನ್, ಬಿಳಿ ಶಾಲು ಹೊದ್ದು ಹಿತ್ತಲಲ್ಲಿ ಪ್ರಾರ್ಥನೆ ಹೇಳುತ್ತಿದ್ದ. ಮುಗಿದ ಮೇಲೆ ಸಿದ್ಧಲಿಂಗೇಶ ಕೇಳಿದ: "ಮನಸ್ಸಲ್ಲೇ ಅಂದ್ಕೊಂಡ್ರೆ ದೇವರಿಗೆ ಗೊತ್ತಾಗಲ್ವಾ?"

"ದೇವರಿಗೆ ಗೊತ್ತಾಗುತ್ತೆ, ನನಗೆ ಗೊತ್ತಾಗಲ್ಲ!" ರೂಬೆನ್ ನಕ್ಕ. "ಪಿಸುಗುಟ್ಟೋ ಪ್ರಾರ್ಥನೇನೂ ನಮ್ಮಲ್ಲಿ ನಮ್ಮ ಕಿವಿಗೆ ಬೀಳಬೇಕು. ಮಾತು ಕೊಡೋದೂ ಅಷ್ಟೇ. ಬಾಯಿಂದ ಬಂತೋ, ನಡೆಸಲೇಬೇಕು."

ಸಿದ್ಧಲಿಂಗೇಶನ ಎದೆ ಉಬ್ಬಿತು. "ಇವತ್ತ ಅಣ್ಣನ ಮನಿಗೆ ಹೋಗಿ ತಪ್ಪಾತು ಅಂತೀನಿ!" ಎಂದು ಗುಡುಗಿದ.

ಅದು ಅವನ ಕಿವಿಗಷ್ಟೇ ಬೀಳಲಿಲ್ಲ. "ಭೇಷ್!" ಎಂದಿತು ಇನ್ನೊಂದು ಬದಿಯ ಬೇಲಿ. ಪಂಕಜಾ ಆಂಟಿ! "ನಾನೂ ಬರ್ತೀನಿ. ಮಗಳ ಮನೆ ಅಲ್ಲೇ ಹತ್ರ."

ಅವನು ಶೂ ಹಾಕಿಕೊಳ್ಳುವಷ್ಟರಲ್ಲಿ ಆಂಟಿ ಚಟ್ನಿಪುಡಿ ಡಬ್ಬಿಯೊಂದಿಗೆ ಕಾರಿನಲ್ಲಿದ್ದರು. ಫ್ರೀವೇ ಹತ್ತಿದ್ದೇ ತಡ, ಮಗಳಿಗೆ ಫೋನ್: "ಸಿದ್ಧಲಿಂಗೇಶ್ ಅಣ್ಣನ ಕಾಲಿಗೆ ಬೀಳೋಕೆ ಬರ್ತಿದಾನೆ. ಎಲ್ಲರಿಗೂ ಹೇಳು!" ಅರ್ಧ ದಾರಿಯಲ್ಲಿ ಅವನ ಧೈರ್ಯ ಬೇಸಿಗೆಯ ಬೆಣ್ಣೆಯಾಯಿತು. ತಿರುಗಿ ಹೋಗೋಣವೆಂದರೆ ಆಂಟಿ ಬಿಡಬೇಕಲ್ಲ!

ರುದ್ರಪ್ಪನ ಮನೆಯ ಮುಂದೆ ನಾಲ್ಕು ಮನೆಯ ಜನ ಸೇರಿದ್ದರು. ಸಿದ್ಧಲಿಂಗೇಶ ಕಣ್ಣು ಮುಚ್ಚಿ, ಎಲ್ಲರಿಗೂ ಕೇಳುವಂತೆ ಹೇಳಿಯೇಬಿಟ್ಟ:

"ಅಣ್ಣಾ, ನಿನ್ನ ಹಾಡಿಗೆ ಎಮ್ಮಿ ಒದೀತೈತಿ ಅಂದಿದ್ದು ನನ್ನ ತಪ್ಪು!"

ರುದ್ರಪ್ಪ ಬೆಪ್ಪಾಗಿ ನಿಂತ. "ಎಮ್ಮಿ? ಯಾವ ಎಮ್ಮಿ?"

"ಜೂಮ್‌ನಾಗ... ನೀ ಕೇಳಿಲ್ಲೇನ?"

"ಹಾಡು ಮುಗಿತಿದ್ದಂಗ ನನ್ನ ಇಂಟರ್ನೆಟ್ ಹೋಗಿತ್ತೋ! ಅಷ್ಟು ಚಂದ ಹಾಡಿದ್ರೂ ತಮ್ಮ ಫೋನ್ ಮಾಡಿ ಒಂದು ಮಾತು ಹೊಗಳ್ಲಿಲ್ಲ ಅಂತ ನನಗ ಸಿಟ್ಟು ಬಂದಿತ್ತು!"

ಯಾರೋ ಕಿಸಕ್ಕೆಂದರು. ರುದ್ರಪ್ಪನ ಮುಖ ಬ್ಯಾಡಗಿ ಮೆಣಸಿನಕಾಯಿಯಾಯಿತು. "ಒಳಗ ನಡಿ," ಎಂದವನೇ ತಮ್ಮನನ್ನು ಸೋಫಾದಲ್ಲಿ ಕೂರಿಸಿ, ಹಾರ್ಮೋನಿಯಂ ಎಳೆದುಕೊಂಡು, ಅದೇ ಹಾಡನ್ನು ಒಂದು ಚರಣವೂ ಬಿಡದೆ ಹಾಡಿದ.

"ಈಗ ಹೇಳು. ಹೆಂಗಿತ್ತು?"

ಎಲ್ಲರ ಕಣ್ಣೂ ಸಿದ್ಧಲಿಂಗೇಶನ ಮೇಲೆ. ಅಣ್ಣನ ಕಣ್ಣಿನಲ್ಲಿ ಸಿಟ್ಟಿಗಿಂತ ಆಸೆಯೇ ಹೆಚ್ಚಿತ್ತು.

"ಭಾಳ ಚಂದಿತ್ತಣ್ಣ."

ರುದ್ರಪ್ಪ ಎದ್ದು ಬಂದು ತಮ್ಮನನ್ನು ಬಾಚಿ ತಬ್ಬಿಕೊಂಡ. ಇಬ್ಬರ ಕಣ್ಣೂ ಒದ್ದೆಯಾದವು.

"ಇಷ್ಟು ದೂರ ನೀ ಬರೂದು ಬ್ಯಾಡೋ," ಎಂದ ರುದ್ರಪ್ಪ. "ಇನ್ನ ಪ್ರತಿ ಭಾನುವಾರ ಹಾರ್ಮೋನಿಯಂ ಪೆಟ್ಟಿಗಿ ತಗೊಂಡು ನಿನ್ನ ಮನಿಗೆ ನಾನೇ ಬರ್ತೀನಿ."