ವಿರಾಜಪೇಟೆಯ ಗಾಜಿನ ಒಲೆ

ಕೆಲವರು ಹೋದಲ್ಲೆಲ್ಲ ಮಳೆ ಬರುತ್ತದಂತೆ. ನಾನು ಹೋದಲ್ಲೆಲ್ಲ ಬಂದದ್ದು ಫಜೀತಿ. ನನ್ನ ಪಾಡಿಗೆ ನಾನು ಒಲೆಯ ಮುಂದೆ ಕೂತಿದ್ದರೂ ಅದು ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಿತ್ತು. ನಾನೂ ಬೇಡ ಅನ್ನುತ್ತಿರಲಿಲ್ಲ. ಆ ದಿನಗಳಲ್ಲಿ ನನ್ನ ಬಾಗಿಲು ತಳ್ಳುವವರು ಬೇರೆ ಯಾರೂ ಇರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಗಾಜು ಕರಗಿಸಿ ಮಣಿ, ತಟ್ಟೆ, ಕಿಟಕಿಗೆ ಬಣ್ಣದ ಬಿಲ್ಲೆ ಮಾಡುವ ಕೆಲಸವನ್ನು ನಾನು ಉತ್ತರದ ಕಡೆ ಹೋಗಿ ಕಲಿತು ಬಂದಿದ್ದೆ. ಸರಕಾರದವರು ನನ್ನನ್ನು ವಿರಾಜಪೇಟೆಗೆ ಹಾಕಿದರು. ಅಲ್ಲೊಂದು ತರಬೇತಿ ಕೇಂದ್ರ ತೆರೆದು ಊರಿನವರಿಗೆ ಈ ಕೆಲಸ ಕಲಿಸಬೇಕು. ನಾನು ಬಯಲುಸೀಮೆಯವನು, ಹಿಂದೆ ಮುಂದೆ ಯಾರೂ ಇಲ್ಲದವನು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದುಕೊಂಡು ಬಸ್ಸಿಳಿದೆ.

ಗ್ಲಾಸ್ ಮೇಷ್ಟ್ರು

ಬೇಕರಿಯ ಪಕ್ಕದಲ್ಲಿ ಒಂದು ಉದ್ದನೆಯ ಹಾಲ್, ಅದರ ಹಿಂದೆ ಒಂದು ಕೋಣೆ ಬಾಡಿಗೆಗಿದೆ ಎಂದು ಯಾರೋ ಹೇಳಿದರು. ಮನೆಯ ಯಜಮಾನಿ ಗಾಳಿಬೀಡಿನ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ತೀರಿಹೋಗಿ, ಅದೇ ಕಟ್ಟಡದ ಇನ್ನೊಂದು ಭಾಗದಲ್ಲಿ ಇದ್ದರು. ಅವರ ಮನೆಮಾತು ಅರೆಭಾಷೆ. ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು, ಆದರೆ ಖುಷಿಯಾದಾಗ ಮತ್ತು ಸಿಟ್ಟು ಬಂದಾಗ ಅರೆಭಾಷೆ ಇಣುಕುತ್ತಿತ್ತು.

"ಎಂಥ ಕೆಲಸ ನಿಮ್ದು?" ಎಂದು ಕೇಳಿದರು.

"ಗಾಜಿನ ಕೆಲಸ ಕಲಿಸೋ ಮೇಷ್ಟ್ರು."

ಅವರಿಗೆ ಅರ್ಥವಾಗಲಿಲ್ಲ. ಸುಲಭ ಮಾಡೋಣ ಎಂದು "ಗ್ಲಾಸು ಅಮ್ಮ, ಗ್ಲಾಸು" ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಗ್ಲಾಸು ಹಿಡಿಯೋದು ಕಲಿಸ್ಲಿಕ್ಕೆ ಮೈಸೂರಿನವರು ಮೇಷ್ಟ್ರನ್ನ ಕಳಿಸಿದ್ರಾ? ಅದು ಇಲ್ಲಿ ಎಲ್ಲರಿಗೂ ಗೊತ್ತುಟ್ಟು."

ಬೋರ್ಡು ಬರೆದವನೂ 'ಗಾಜು' ಬಿಟ್ಟು 'ಗ್ಲಾಸ್ ತರಬೇತಿ ಕೇಂದ್ರ' ಎಂದೇ ಬರೆದ. ಮೊದಲ ತಿಂಗಳು ಸೇರಲು ಯಾರೂ ಬರಲಿಲ್ಲ. ಕೊನೆಗೆ ಎಸ್ಟೇಟಿನಲ್ಲಿ ಬಟವಾಡೆಯಾದ ಸಂಜೆ ಇಬ್ಬರು ಬಂದರು. ನಾನು ಎದ್ದು ಹೋಗಿ ಸ್ಟೂಲು ಒರೆಸಿ ಕೂರಿಸಿದೆ. ಅವರಲ್ಲಿ ಒಬ್ಬ ಮೂಲೆಯಲ್ಲಿದ್ದ ಒಲೆಯ ಹೊಗೆ ಕೊಳವೆಯನ್ನು ಮೆಚ್ಚಿಗೆಯಿಂದ ನೋಡಿ, ದನಿ ತಗ್ಗಿಸಿ ಕೇಳಿದ: "ಮೇಷ್ಟ್ರೇ, ಇಲ್ಲೇ ಕಾಯಿಸೋದಾ, ಹೊರಗಿಂದ ತರಿಸೋದಾ?"

ಕರೆಂಟಿನ ಒಲೆ

ಆ ಹೊಗೆ ಕೊಳವೆಯ ಒಲೆಗೆ ಬರುವ ಮೊದಲು ನಾನು ಬೇರೆ ಎರಡು ಒಲೆ ನೋಡಿ ಆಗಿತ್ತು. ಗಾಜಿನ ಕೆಲಸದಲ್ಲಿ ಒಲೆ ಆರಿಸುವುದೇ ದೊಡ್ಡ ವಿಷಯ. ಗಾಜು ಮೆತ್ತಗಾಗಿ ಒಂದಕ್ಕೊಂದು ಅಂಟುವಷ್ಟು ಶಾಖ ಬೇಕು. ಅದಕ್ಕಿಂತ ಮುಖ್ಯವಾಗಿ, ಆಮೇಲೆ ಅದು ನಿಧಾನವಾಗಿ ತಣ್ಣಗಾಗಬೇಕು. ಮೊದಲು ಸೀಮೆಎಣ್ಣೆಯದು ತರಿಸಿದೆ. ಪಕ್ಕದ ಟೈಲರು ಬಂದು, ತಾನು ಹೊಲಿದ ಮದುವೆ ಕೋಟು ಲಾಟೀನಿನ ಹಾಗೆ ವಾಸನೆ ಹೊಡೆಯುತ್ತಿದೆ ಎಂದ. ಅದನ್ನು ಬಿಟ್ಟೆ.

ಆಮೇಲೆ ಇಲಾಖೆಯವರೇ ಕರೆಂಟಿನ ಒಲೆ ಕಳಿಸಿದರು. ನೋಡಲು ದೇವರ ಪೆಟ್ಟಿಗೆಯಂತಿತ್ತು. ಆದರೆ ಆಗ ಊರಿನ ಕರೆಂಟು ಹೇಗಿತ್ತೆಂದರೆ, ಬಲ್ಬು ಉರಿಯುತ್ತಿದೆಯೇ ಎಂದು ನೋಡಲು ಬೆಂಕಿಕಡ್ಡಿ ಗೀರಬೇಕು. ಶನಿವಾರ ಸಂಜೆ ಮುಹೂರ್ತ ನೋಡಿ ಸ್ವಿಚ್ಚು ಹಾಕಿದೆ. ಬೀದಿಯ ದೀಪಗಳೆಲ್ಲ ಕೆಂಪಾದವು. ಅದು ಗೊತ್ತಾಯಿತು. ಗೊತ್ತಾಗದ್ದು ಏನೆಂದರೆ, ಬೀದಿಯ ತುದಿಯ ಟೆಂಟಿನಲ್ಲಿ ಅದೇ ಹೊತ್ತಿಗೆ ಸಿನಿಮಾ ನಡೆಯುತ್ತಿತ್ತು. ಅಲ್ಲಿ ನಾಯಕಿ ನಾಯಕನಿಗೆ ತನ್ನ ಮನಸ್ಸು ತಿಳಿಸುವ ಘಟ್ಟ. ಪರದೆ ಮಬ್ಬಾಗಿ, ಯಂತ್ರ ನಿಧಾನವಾಗಿ, ಆಕೆ ಕೋಣದ ದನಿಯಲ್ಲಿ ಪ್ರೀತಿಯ ಮಾತಾಡಿದಳಂತೆ.

ಕಾರಣ ಹುಡುಕಿಕೊಂಡು ಟೆಂಟಿನ ಯಜಮಾನ ಬಂದ. ಅವನ ಹಿಂದೆ ಟೆಂಟಿನಲ್ಲಿದ್ದವರೆಲ್ಲ ಬಂದರು. ಹಾಲ್ ತುಂಬಿ, ಮೆಟ್ಟಿಲು ತುಂಬಿ, ಬೀದಿಯಲ್ಲೂ ಜನ ನಿಂತರು.

"ಅಲ್ಲಾ ಮೇಷ್ಟ್ರೇ," ಎಂದ ಯಜಮಾನ, "ನನ್ನ ಟೆಂಟಿಗೆ ಇಷ್ಟು ಜನ ಬಂದಿದ್ದಾರೆ. ನಿಮ್ಮ ಒಲೆಗೆ ಯಾರು ಬಂದಿದ್ದಾರೆ, ಹೇಳಿ ನೋಡೋಣ."

ಕೇಂದ್ರ ತೆರೆದಂದಿನಿಂದ ಅಷ್ಟು ಜನ ಒಟ್ಟಿಗೆ ನನ್ನ ಹಾಲಿಗೆ ಬಂದದ್ದು ಅದೇ ಮೊದಲು. ಬೈಸಿಕೊಳ್ಳುತ್ತಿದ್ದೇನೆ ಎನ್ನುವುದು ಮರೆತುಹೋಯಿತು. "ಎಲ್ಲರೂ ಬಂದಿದ್ದೀರಲ್ಲ, ಕೂತ್ಕೊಳ್ಳಿ," ಅಂದೆ, "ಮೊದಲನೇ ಪಾಠ ಈಗಲೇ ಶುರು ಮಾಡ್ತೇನೆ."

ಬನ್ನಿನ ಮಣಿ

ಕೊನೆಗೆ ಬೆಂಕಿ ತಡೆಯುವ ಇಟ್ಟಿಗೆ ತರಿಸಿ ಸೌದೆಯ ಒಲೆ ಕಟ್ಟಿದೆ. ಕಿತ್ತುಹಾಕಿದ ಹಳೆಯ ಕಾಫಿ ಗಿಡದ ಸೌದೆ ಒಳ್ಳೆಯ ಕೆಂಡ ಕೊಡುತ್ತಿತ್ತು. ಶಾಖವೇನೋ ಬಂತು, ಆದರೆ ಒಲೆ ಬೇಗ ಆರಿ ಮಣಿಗಳು ಟಣ್ ಎಂದು ಸೀಳುತ್ತಿದ್ದವು. ಮಳೆಗಾಲದ ಗಾಳಿಗೆ ಇನ್ನೂ ಹೆಚ್ಚು.

ಬೇಕರಿಯವರು ಕೇರಳದ ಕಡೆಯವರು. ಊರಿಗೆಲ್ಲ ಅವರು 'ಕಾಕ'. ಅವರ ಒಲೆ ಇಡೀ ದಿನ ಬೆಚ್ಚಗಿರುತ್ತಿತ್ತು. "ಒಂದು ಡಬ್ಬಿ ಬಿಸಿಬೂದಿಯಲ್ಲಿ ಮಣಿ ಹೂತು ನಿಮ್ಮ ಒಲೆಯ ಮೂಲೆಯಲ್ಲಿ ಇಡ್ಲಾ ಕಾಕಾ?" ಎಂದು ಕೇಳಿದೆ. "ಇಡಿ ಮೇಷ್ಟ್ರೇ, ನಿಮ್ದು ತಿನ್ನುವ ಸಾಮಾನು ಅಲ್ಲವಲ್ಲ, ಜಾಗ ಮಾತ್ರ ಸಾಕಲ್ಲ" ಎಂದರು. ಮಣಿಗಳು ಒಂದೂ ಸೀಳದೆ ಬಂದವು. ಅದಕ್ಕಿಂತ ಹೆಚ್ಚಾಗಿ, ಡಬ್ಬಿ ಇಡಲು ಒಮ್ಮೆ, ತೆಗೆಯಲು ಒಮ್ಮೆ ಬೇಕರಿಗೆ ಹೋಗಿ ಮಾತಾಡಿ ಬರಲು ನನಗೊಂದು ನೆವವಾಯಿತು.

ಒಂದು ದಿನ ಡಬ್ಬಿ ಮಗುಚಿ, ಒಂದು ನೀಲಿ ಮಣಿ ಉರುಳಿ ಹಿಟ್ಟಿನ ತಟ್ಟೆಗೆ ಬಿತ್ತು. ಮರುದಿನ ಕರಿಮೆಣಸಿನ ವ್ಯಾಪಾರಿಯೊಬ್ಬರು ಬಾಯಲ್ಲಿ ಅರ್ಧ ಬನ್ನು, ಕೈಯಲ್ಲಿ ಮಣಿ ಹಿಡಿದು ಬೇಕರಿಗೆ ಬಂದರು. ನಾನು ಅಲ್ಲೇ ಡಬ್ಬಿ ತೆಗೆಯುತ್ತಿದ್ದೆ. ಕಾಕನ ವ್ಯಾಪಾರ ನನ್ನಿಂದ ಮುಳುಗಿತು ಅಂದುಕೊಂಡೆ. ಕಾಕ ಮಾತ್ರ ಮಣಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ನಿಮಗೆ ಬಂತಾ? ಒಳ್ಳೆ ನಸೀಬು ನಿಮ್ದು. ಇಟ್ಟುಕೊಳ್ಳಿ" ಎಂದರು.

ಆ ವಾರ ಕಾಕನ ಬನ್ನು ಮಧ್ಯಾಹ್ನಕ್ಕೆ ಮೊದಲೇ ಖಾಲಿಯಾಗತೊಡಗಿತು. ಕೊಂಡವರೆಲ್ಲ ಅಂಗಡಿಯ ಮುಂದೆಯೇ ಬನ್ನು ಮುರಿದು, ಒಳಗೆ ಬೆರಳು ಹಾಕಿ ಹುಡುಕುತ್ತಿದ್ದರು. ವಾರದ ಕೊನೆಗೆ ಒಬ್ಬ ಹೆಂಗಸು ಬಂದು ಕಾಕನ ಜೊತೆ ಜಗಳಕ್ಕೆ ನಿಂತಳು: "ದಿನಾ ತಗೊಳ್ತೇನೆ. ನಂಗೆ ಬರೀ ಬನ್ನೇ ಸಿಗ್ತದೆ."

ವಜ್ರ ಮತ್ತು ಬಾಟ್ಲಿ

ಗಾಜು ಕೊಯ್ಯುವ ಪೆನ್ನಿನಂಥ ಒಂದು ಉಪಕರಣವಿತ್ತು ನನ್ನಲ್ಲಿ. ಅದರ ತುದಿಯಲ್ಲಿ ಸಾಸಿವೆಗಿಂತ ಸಣ್ಣ ವಜ್ರದ ಚೂರು. ಒಮ್ಮೆ ಟೈಲರು ಅದನ್ನು ನೋಡಿ "ಇದು ಎಂಥದು?" ಎಂದ. "ವಜ್ರ" ಅಂದೆ. ಅಷ್ಟೇ ಹೇಳಿದ್ದು. ಸಂಜೆಯೊಳಗೆ ಬೀದಿಯಲ್ಲಿ ವಜ್ರ ಕಡಲೆಕಾಳಿನಷ್ಟಾಗಿತ್ತು. ಮರುದಿನ ನೆಲ್ಲಿಕಾಯಿಯಷ್ಟಾಯಿತು. ಅಕ್ಕಸಾಲಿಗ ಬಂದು ಸುಮ್ಮನೆ ಯೋಗಕ್ಷೇಮ ವಿಚಾರಿಸಿ ಹೋದ.

ಅದರ ಬೆನ್ನಿಗೆ ಒಂದು ಸಂಬಂಧವೂ ಬಂತು. ಸೋಮವಾರಪೇಟೆ ಕಡೆಯ ವ್ಯಾಪಾರಸ್ಥರು, ನಮ್ಮ ಪೈಕಿಯವರೇ. ಮನೆಯ ಯಜಮಾನಿಯೇ ಸುದ್ದಿ ತಂದರು. "ಹುಡುಗಿ ಓದಿದ್ದಾಳೆ, ಮಾತಾಡ್ತಾಳೆ. ನಿಮ್ಮಂಥವರಿಗೆ ಮಾತಾಡೋರೇ ಬೇಕು" ಎಂದರು. ಬರುವವರು ವಜ್ರ ಕೇಳಿ ಬರುತ್ತಿದ್ದಾರೆಂದು ನನಗೆ ಗೊತ್ತಿತ್ತು. ಆದರೂ ಕೋಣೆಗೆ ಸುಣ್ಣ ಹೊಡೆದೆ, ಹೊಸ ಕಪ್ಪು, ಸಾಸರು ತಂದೆ. ಇಬ್ಬರು ಇದ್ದರೆ ಈ ಕೋಣೆಯಲ್ಲಿ ಮಂಚ ಎಲ್ಲಿ ಹಾಕಬೇಕು ಎಂದು ಕೂಡ ಯೋಚಿಸಿದೆ.

ಒಂದನ್ನು ಮಾತ್ರ ಯೋಚಿಸಲಿಲ್ಲ. ಬೇರೆ ಬೇರೆ ಜಾತಿಯ ಗಾಜನ್ನು ಸೇರಿಸಿ ಕರಗಿಸಿದರೆ ಬಿಸಿಯಲ್ಲಿರುವಾಗ ಒಂದಾಗಿರುತ್ತವೆ, ತಣ್ಣಗಾದ ಮೇಲೆ ಬಿರುಕು ಬಿಡುತ್ತವೆ. ಹಾಗಾಗಿ ಒಂದೇ ಥರದ ಬಾಟ್ಲಿ ಬೇಕು. ತೋಟದ ಸಾಹುಕಾರರ ಕ್ಲಬ್ಬಿನಿಂದ ಒಂದೇ ಬ್ರಾಂದಿಯ ಖಾಲಿ ಬಾಟ್ಲಿಗಳನ್ನು ಗೋಣಿಚೀಲದಲ್ಲಿ ತಂದು ಕೋಣೆಯ ಗೋಡೆಯುದ್ದಕ್ಕೂ ಜೋಡಿಸಿದ್ದೆ. ಸುಣ್ಣ ಹೊಡೆಯಲು ಸರಿಸಿ ಮತ್ತೆ ಜೋಡಿಸಿದಾಗಲೂ ಏನೂ ಅನ್ನಿಸಲಿಲ್ಲ; ನೋಡಿ ನೋಡಿ ಅವು ನನ್ನ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು.

ಹುಡುಗಿಯ ತಂದೆ ಒಳಗೆ ಬಂದವರು ಗೋಡೆಯ ಕಡೆ ನೋಡಿ ನಿಂತೇಬಿಟ್ಟರು. "ಇದೆಲ್ಲ ನಿಮ್ದೇನಾ?"

ನನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿ ತಿಂಗಳುಗಳಾಗಿದ್ದವು. ನನಗೆ ಉತ್ಸಾಹ ಬಂತು. "ನಂದೇ. ಇದೊಂದೇ ಬ್ರಾಂಡು ನನಗೆ ಆಗಿಬರೋದು. ಎರಡು ಥರ ಬೆರೆಸಿದ್ರೆ ಮಾರನೇ ದಿನ ಕೆಡುತ್ತೆ."

"ಒಬ್ಬರೇ ಮುಗಿಸ್ತೀರಾ?"

"ಒಬ್ಬನೇ. ಬೆಳಗ್ಗೆ ಶುರು ಮಾಡಿದ್ರೆ ಸಂಜೆಗೆ ಒಂದು ಚೀಲ ಮುಗಿಯುತ್ತೆ."

ಅವರು ಗೋಡೆ ಹಿಡಿದುಕೊಂಡರು. ನಾನು ಧೈರ್ಯ ತುಂಬಲು ಹೇಳಿದೆ: "ನೀವೇನೂ ಯೋಚನೆ ಮಾಡಬೇಡಿ. ಮದುವೆಯಾದ ಮೇಲೆ ನಿಮ್ಮ ಮಗಳಿಗೂ ಕಲಿಸ್ತೇನೆ."

ಅವರು ಕಾಫಿ ಕುಡಿಯದೆ ಬಸ್ಸು ಹತ್ತಿದರು. ಹೊಸ ಕಪ್ಪುಗಳಲ್ಲಿ ಆರಿಹೋದ ಕಾಫಿಯನ್ನು ನಾನೇ ಒಂದರ ಮೇಲೊಂದು ಕುಡಿದೆ. ಯಜಮಾನಿಗೆ ವಿಷಯ ತಿಳಿದು, ನಕ್ಕು ಕಣ್ಣೊರೆಸಿಕೊಂಡು, ಆಮೇಲೆ ನಿಟ್ಟುಸಿರು ಬಿಟ್ಟರು. "ವರ್ಷವಿಡೀ ಬಾಯಿ ಬಿಡದವರು ನೀವು. ಬಿಡ್ಲಿಕ್ಕೆ ಇವತ್ತೇ ಆಗ್ಬೇಕಿತ್ತಾ?"

ಪರೀಕ್ಷೆ

ಕೇಂದ್ರಕ್ಕೆ ಒಬ್ಬ ವಿದ್ಯಾರ್ಥಿಯೂ ಸೇರದೆ ಕಾಲ ಹೋಯಿತು. ಮುಚ್ಚುವುದೋ ಇಡುವುದೋ ಎಂದು ನೋಡಲು ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬರುತ್ತಾರೆಂದು ತಿಳಿಯಿತು. ನಾನು ಅದನ್ನು ಕಾಕನಿಗೆ ಹೇಳಿದೆ, ಡಬ್ಬಿ ಇಡಲು ಹೋದಾಗ, ಅಷ್ಟೇ.

ಅಧಿಕಾರಿ ವಯಸ್ಸಾದವರು, ಮೆತ್ತಗೆ ಮಾತಾಡುವವರು. ಬೆಳಗ್ಗೆ ಬಂದು ಖಾಲಿ ಸ್ಟೂಲುಗಳನ್ನು ನೋಡಿ, "ನಿಮಗೇನಾದರೂ ಹೇಳೋದಿದೆಯಾ?" ಎಂದರು.

"ಸರ್, ನನ್ನನ್ನ ಬೇರೆ ಎಲ್ಲಿಗಾದ್ರೂ ಹಾಕಿಬಿಡಿ," ಅಂದೆ. "ಕೇಂದ್ರ ಇಡಿ, ತೆಗೀರಿ, ಅದು ನಿಮಗೆ ಬಿಟ್ಟದ್ದು. ಈ ಊರಲ್ಲಿ ನನಗೆ ನನ್ನವರು ಅಂತ ಯಾರೂ ಇಲ್ಲ."

ಅವರು ಏನೋ ಹೇಳುವಷ್ಟರಲ್ಲಿ ಬಾಗಿಲಲ್ಲಿ ಕಾಕ ಕಾಣಿಸಿದರು. ತಲೆಗೆ ಹೊಸ ಟೋಪಿ. ಅವರ ಹಿಂದೆ ಟೈಲರು, ಟೆಂಟಿನ ಯಜಮಾನ, ಕೊನೆಗೆ ಸೆರಗು ಹೊದ್ದುಕೊಂಡು ಮನೆಯ ಯಜಮಾನಿ. ಎಲ್ಲರೂ ಗಂಭೀರವಾಗಿ ಬಂದು ಸ್ಟೂಲುಗಳ ಮೇಲೆ ಕೂತರು. "ತಡ ಆಯ್ತು ಮೇಷ್ಟ್ರೇ, ಕ್ಷಮಿಸಿ" ಎಂದರು ಕಾಕ, ದಿನವೂ ಹೇಳುವವರ ಹಾಗೆ.

ಅಧಿಕಾರಿ ಕಾಕನನ್ನು ಕೇಳಿದರು: "ಗಾಜು ಬೆಂದಿದೆ ಅಂತ ಹೇಗೆ ತಿಳಿಯೋದು?"

"ಮೇಲೆ ಕೆಂಪಗೆ ಆಗ್ಬೇಕು ಸಾರ್. ಆಮೇಲೆ ತಳಕ್ಕೆ ಬೆರಳಲ್ಲಿ ತಟ್ಟಿದ್ರೆ ಡಬ್ ಡಬ್ ಅನ್ನಬೇಕು. ಒಳಗೆ ಹಸಿ ಇದ್ರೆ ಗಿರಾಕಿ ವಾಪಸ್ ತರ್ತಾರೆ."

ಟೈಲರಿಗೆ: "ಗಾಜು ಕೊಯ್ಯುವಾಗ ಏನು ಜಾಗ್ರತೆ?"

"ಅಳತೆಗಿಂತ ಎರಡು ಬೆರಳು ಜಾಸ್ತಿ ಬಿಟ್ಟು ಕೊಯ್ಯಬೇಕು ಸಾರ್. ಮುಂದೆ ದಪ್ಪ ಆದ್ರೆ ಬಿಚ್ಚಬಹುದು."

ಟೆಂಟಿನ ಯಜಮಾನ ಕೇಳುವ ಮೊದಲೇ ಎದ್ದು ನಿಂತ: "ಕರೆಂಟು ಮಾತ್ರ ಬೇಡ ಸಾರ್. ಸೌದೆಯೇ ಉತ್ತಮ." ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಧಿಕಾರಿ ತುಟಿ ಕಚ್ಚಿಕೊಂಡು ಯಜಮಾನಿಯ ಕಡೆ ತಿರುಗಿದರು. "ಅಮ್ಮಾ, ನೀವೇನು ಕಲಿತಿರಿ?"

"ಗಾಜನ್ನ ಗಡಿಬಿಡಿಯಲ್ಲಿ ತಣ್ಣಗೆ ಮಾಡಬಾರದು" ಎಂದರು ಅವರು. "ಬೂದಿಯಲ್ಲಿ ಹೂತು, ಸುತ್ತ ಬೆಚ್ಚಗಿಟ್ಟು, ನಿಧಾನಕ್ಕೆ ಬಿಡಬೇಕು. ಇಲ್ಲದಿದ್ರೆ ಮೇಲೆ ಚೆಂದ ಕಾಣ್ತದೆ, ಒಳಗೆ ಬಿರುಕು ಇರ್ತದೆ. ಬೇರೆ ಬೇರೆ ಜಾತಿ ಗಾಜು ಬೆರೆಸಬಾರದು."

ನಾನೇ ಬೆರಗಾದೆ. ಅಧಿಕಾರಿಯೂ ಮುಂದಕ್ಕೆ ಬಾಗಿದರು. "ಇದನ್ನೆಲ್ಲ ಯಾವಾಗ ಕಲಿತಿರಿ?"

"ದಿನಾ ಕೇಳ್ತೇನಲ್ಲ. ಈ ಮೇಷ್ಟ್ರು ಒಬ್ರೇ ಕೂತು ಗೋಡೆಗೆ ಪಾಠ ಹೇಳ್ತಾರೆ. ಗೋಡೆಯ ಆಚೆ ಬದಿಗೆ ನಾನು ಇರ್ತೇನೆ."

ನಾನು ಒಲೆಯ ಬಾಗಿಲು ಸರಿ ಮಾಡುವವನ ಹಾಗೆ ಅತ್ತ ತಿರುಗಿ ನಿಂತೆ.

ಹೊರಡುವಾಗ ಅಧಿಕಾರಿ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಕರೆದುಕೊಂಡು ಹೋದರು. "ಕೇಂದ್ರ ಇರಲಿ ಅಂತ ಹೇಳ್ತೇನೆ" ಎಂದರು. "ಆದರೆ ನಿಮ್ಮ ವರ್ಗಾವಣೆ ಆಗೋದಿಲ್ಲ. ನೀವು ಕೊಟ್ಟ ಕಾರಣ ಸುಳ್ಳು. ನಾಲ್ಕು ಜನ ವ್ಯಾಪಾರ, ಮನೆಗೆಲಸ ಬಿಟ್ಟು ಬಂದು ನಿಮಗೋಸ್ಕರ ಸರಕಾರಕ್ಕೆ ಸುಳ್ಳು ಹೇಳಿದ್ದಾರೆ. ಬೆಂಗಳೂರಲ್ಲಿ ನಾನು ಮೂವತ್ತು ವರ್ಷದಿಂದ ಒಂದೇ ಬೀದಿಯಲ್ಲಿದ್ದೇನೆ, ನನಗೋಸ್ಕರ ಅಲ್ಲಿ ಒಬ್ಬರೂ ಹೇಳೋದಿಲ್ಲ."

ವಾಪಸು ಬರುವಾಗ ಕಾಕ ಬೇಕರಿಯ ಬಾಗಿಲಲ್ಲೇ ಕಾದಿದ್ದರು. "ಏನಾಯ್ತು ಮೇಷ್ಟ್ರೇ?"

"ನೀವೆಲ್ಲ ಪಾಸು" ಅಂದೆ. ಅವರು ಖುಷಿಯಿಂದ ಒಂದು ಬನ್ನು ಕೊಟ್ಟರು.

ಮರುದಿನ ಬೆಳಗ್ಗೆ ಬೇಗ ಎದ್ದೆ. ಒಲೆಗೆ ಸೌದೆ ತುಂಬಿ, ಸ್ಟೂಲುಗಳನ್ನು ಅರ್ಧಚಂದ್ರದ ಹಾಗೆ ಇಟ್ಟು, ಎಲ್ಲಿಂದ ಪಾಠ ಶುರು ಮಾಡಬೇಕೆಂದು ಮನಸ್ಸಿನಲ್ಲೇ ಹೇಳಿಕೊಂಡು ಕೂತೆ. ಟೈಲರಿನ ಮಿಷನ್ನಿನ ಸದ್ದು ಶುರುವಾಯಿತು. ಕೇರಳದ ಬಸ್ಸು ಹೋಯಿತು. ಯಾರೂ ಬರಲಿಲ್ಲ. ಹೊತ್ತು ಏರಿದ ಮೇಲೆ ತಡೆಯಲಾರದೆ ಬೇಕರಿಗೆ ಹೋಗಿ ಕೇಳಿದೆ: "ಯಾಕೆ ಕಾಕಾ, ಇವತ್ತು ಯಾರೂ ಬರಲಿಲ್ಲ?"

ಕಾಕ ಹಿಟ್ಟು ನಾದುತ್ತಿದ್ದವರು ತಲೆಯೆತ್ತಿ, ನನ್ನನ್ನು ಕನಿಕರದಿಂದ ನೋಡಿದರು.

"ಎಂಥ ಮಾತು ಮೇಷ್ಟ್ರೇ. ಪಾಸಾದ ಮೇಲೆ ಯಾರಾದ್ರೂ ಕ್ಲಾಸಿಗೆ ಬರ್ತಾರಾ?"