ಕೊಸರು ಒಲ್ಲೆನೆಂದ ಗಿರಾಕಿ

ಅಯೂಬ: ಒಂದು ಹೆಚ್ಚಿಗಿ ಬಂತು ಅಂತ ಯಾವ ಗಿರಾಕಿನರೇ ಮಾಲು ಹೊಳ್ಳಿ ಕಳಸ್ತಾನೇನ? ಕಡಿಮಿ ಬಿದ್ರ ಬಡದಾಡೋರನ್ನ ಕಂಡೇನಿ. ಹೆಚ್ಚಿಗಿ ಬಿದ್ದದ್ದಕ್ಕ ಬಡದಾಡೋರನ್ನ ಇವತ್ತ ಕಂಡೆ!

ಫರಹತ: ಅದು ಲಿಂಬಿಹಣ್ಣಿನ ಚೀಲ ಅಲ್ರಿ, ಸಾಫ್ಟ್‌ವೇರ್ ಪ್ಯಾಕೇಜು. ಎಲ್ಲಾರ ಪ್ಯಾಕೇಜು ಕೂಡಿಸಿ ಬಿಡುಗಡಿ ಮಾಡೋ ಮಂದಿಗೆ ಕಳಿಸಿದ್ದು. ನಾಕು ಹೊಡಿಯೂದ್ರೊಳಗ ಅವರ ತಪಾಸಣಿ ಪಾಸ್ ಆಗಲಿಲ್ಲಂದ್ರ ಈ ಸಲದ ಬಿಡುಗಡಿಯೊಳಗ ಜಾಗಾ ಇಲ್ಲ. ನನ್ನ ಹೆಸರಿಲೆ ಹೊಂಟಿದ್ದು ಇದ ಮೊದಲನೇದು. ಸುಮ್ಮ ಕುಂದರ್ರಿ.

ಇಂಡಿ ಊರಿನ ಪೇಟೆಯಲ್ಲಿ ಇಪ್ಪತ್ತು ವರ್ಷ ಲಿಂಬೆಹಣ್ಣು ಎಣಿಸಿ ಚೀಲ ಹೊಲಿಸಿದ ದಲಾಲಿ ಅಯೂಬ ಗಡಿಯಾರ ನೋಡಿದ. ಮೂರೂ ಹತ್ತು. ಊಟಕ್ಕೆಂದು ಬಂದವನ ರೊಟ್ಟಿ ತಟ್ಟೆಯಲ್ಲೇ ಹಪ್ಪಳವಾಗಿತ್ತು. ಕಂಪ್ಯೂಟರ್ ಮುಂದೆ ಕೂತ ಹೆಂಡತಿ ಫರಹತಳ ಮುಖ ನೋಡಿದರೆ ಪಲ್ಯ ಎಲ್ಲಿದೆ ಎಂದು ಕೇಳುವ ಧೈರ್ಯ ಬರಲಿಲ್ಲ.

ಅಯೂಬ: ಒಳಗ ಏನ ತುಂಬೀದಿ, ಅದನ್ನರೇ ಹೇಳು.

ಫರಹತ: ಕಂಪ್ಯೂಟರಿಗೂ ಹತ್ತಾರು ಭಾಷಾ ಅದಾವ್ರಿ. ಒಂದು ಭಾಷಾದಾಗಿನ ಪ್ರೋಗ್ರಾಂ ಇನ್ನೊಂದು ಭಾಷಾದಾಗಿನ ಫಂಕ್ಷನ್ ಕರೀಬೇಕಂದ್ರ…

ಅಯೂಬ: ಫಂಕ್ಷನ್ನಿಗೆ ಮಂದೀನ ಕರೀತಾರ. ಫಂಕ್ಷನ್ನನ್ನ ಯಾಕ ಕರೀತಾರ?

ಫರಹತ: ಕೇಳ್ರಿ ಪೂರ್ತಿ! ದೇವಣಗಾಂವದ ರೈತಗ ಮರಾಠಿ ಬರೂದಿಲ್ಲ, ಸೊಲ್ಲಾಪುರದ ವ್ಯಾಪಾರಿಗೆ ಕನ್ನಡ ಬರೂದಿಲ್ಲ. ನೀವು ನಡುವ ನಿಂತು ಮಾತು ದಾಟಸ್ತೀರಲ್ಲ, ನನ್ನ ಈ ಪ್ಯಾಕೇಜು ಅದನ್ನ ಮಾಡ್ತೈತಿ.

ಅಯೂಬ: ಹಂಗನ್ನು, ದಲಾಲಿ! ಇಬ್ಬರ ಕಡಿಂದೂ ಕಮಿಶನ್ ತಗೋತೈತಿ?

ಫರಹತ: ಪುಕ್ಕಟೆ.

ಅಯೂಬ: ಪುಕ್ಕಟೆ ದಲಾಲಿ? ಪ್ಯಾಟಿ ಕಡೆ ತರಬ್ಯಾಡ ಮಾರಾಯ್ತಿ, ನನ್ನ ಗಾದಿಗೆ ಬೆಂಕಿ ಬೀಳ್ತೈತಿ.

ಪರದೆಯ ಮೇಲೆ ತಪಾಸಣೆಯ ವರದಿ ಕೆಂಪಾಗಿ ಕೂತಿತ್ತು: ಪಟ್ಟಿಯಲ್ಲಿ ನಲವತ್ತೊಂದು ಕಡತ, ಒಳಗೆ ನಲವತ್ತೆರಡು.

ಅಯೂಬ: ಆ ನಲವತ್ತೆರಡನೇದು ಯಾವುದದು?

ಫರಹತ (ದನಿ ತಗ್ಗಿಸಿ): ಒಂದು ಸಣ್ಣ ನಮೂನಿ ಪ್ರೋಗ್ರಾಂ. ಹೊಸದಾಗಿ ಕಲಿಯೋರಿಗೆ ಆಸರಾ ಆಗ್ಲಿ ಅಂತ… ಕೇಳಿದಷ್ಟ ಕೊಟ್ಟು ಕೈ ತೊಳಕೊಳ್ಳಾಕ ಮನಸ ಬರಲಿಲ್ಲ.

ಅಯೂಬ: ಕೊಸರು!

ನೂರು ಹಣ್ಣಿಗೆ ಮೇಲೈದು ಕೊಸರು ಹಾಕದೆ ಚೀಲದ ಬಾಯಿ ಹೊಲಿದರೆ ಈ ಪೇಟೆಯಲ್ಲಿ ಮಾನ ಉಳಿಯುವುದಿಲ್ಲ. ಅದನ್ನು ಹಳೇ ಕಾಲದ ಹುಚ್ಚು ಎಂದು ವರ್ಷಗಟ್ಟಲೆ ಹಂಗಿಸಿದ ಹೆಂಡತಿ ಕಂಪ್ಯೂಟರಿಗೂ ಕೊಸರು ಹಾಕಿದ್ದಳು! ಅಯೂಬನಿಗೆ ಉಣ್ಣದೆಯೇ ಹೊಟ್ಟೆ ತುಂಬಿತು.

ಅಯೂಬ: ತಗದ ಒಗಿ.

ಫರಹತ: ಮೂರು ದಿನಾ ಕುಂತು ಬರದೇನಿ. ಒಗಿಯೂದಿಲ್ಲ.

ಅಯೂಬ: ಪಟ್ಟಿಯೊಳಗ ಸೇರಸು.

ಫರಹತ: ಬ್ಯಾಡಾದವರ ಮನಿಗೂ ಯಾಕ ತುರುಕ್ತಿ ಅಂತ ಮತ್ತ ಹೊಳ್ಳಿ ಕಳಸ್ತಾರ.

ಅಯೂಬ: ಅಂಥಾ ಕಿರಿಕಿರಿ ಗಿರಾಕಿಗೆ ನಾವು ಕೊಸರು ದೊಡ್ಡ ಚೀಲದಾಗ ಹಾಕೂದ ಇಲ್ಲ. ಬ್ಯಾರೆ ಕೈಚೀಲದಾಗ ಕಟ್ಟಿ ಬಾಜೂಕ ಇಡ್ತೇವಿ. ಬೇಕಾದಾಂವ ಒಯ್ಲಿ, ಬ್ಯಾಡಾದಾಂವ ಬಿಡ್ಲಿ.

ಫರಹತಳ ಬೆರಳುಗಳು ನಿಂತವು. ನಿಕಾಹ್ ದಿನವೂ ಅವಳು ಅವನನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಮರುಕ್ಷಣ ಕೀಲಿಮಣೆ ಅಳ್ಳು ಹುರಿದಂತೆ ಸಿಡಿಯಿತು. ಒಂದು ಪ್ಯಾಕೇಜು ಎರಡಾಯಿತು. ನಾಲ್ಕಕ್ಕೆ ಮೂರು ನಿಮಿಷವಿರುವಾಗ ಕೆಂಪು ಹಸಿರಾಯಿತು.

ಅಯೂಬ: ನೋಡಿದೇನ? ಅಕಲ್ ಅಂದ್ರ ಇದು!

ಫರಹತ: ಅದಕ್ಕ ನಿಮ್ಮ ಹೆಸರೂ ಹಾಕೇನ್ರಿ. ಎರಡನೇ ಪ್ಯಾಕೇಜಿಗೆ ಒಬ್ಬ ಜವಾಬ್ದಾರ ಬೇಕಿತ್ತು, ಹೆಸರು, ಈ-ಮೇಲ್ ಪತ್ತಾ ಸಮೇತ.

ಎರಡು ದಿನ ಅಯೂಬ ಈ ಸುದ್ದಿಯನ್ನು ಹಣ್ಣಿಗಿಂತ ಹೆಚ್ಚು ಹಂಚಿದ. ಮೂರನೆಯ ದಿನ ಎಣಿಕೆಯನ್ನು ನಡುವೆಯೇ ಬಿಟ್ಟು, ಮೊಬೈಲು ಹಿಡಿದು ಮನೆಗೆ ಓಡಿಬಂದ.

ಅಯೂಬ: ಇದೇನ ಬಂದೈತಿ, ಓದು!

ಫರಹತ: ಯಾವುದೋ ದೇಶದಾಂವ ತಕರಾರು ಮಾಡ್ಯಾನ್ರಿ. ‘ನಿನ್ನ ನಮೂನಿ ನನ್ನ ಕಂಪ್ಯೂಟರಿನ್ಯಾಗ ನಡೀವಲ್ದು, ಕೂಡಲೇ ಸರಿ ಮಾಡು’ ಅಂತ.

ಅಯೂಬ: ಪುಕ್ಕಟೆ ಕೊಟ್ಟ ಕೊಸರಿಗೂ ತಕರಾರ? ಏನಂತ ಬರೀಲಿ ಈಗ?

ಫರಹತ: ಹಣ್ಣು ಕೊಳತಾವು ಅಂತ ಗಿರಾಕಿ ಬಂದ್ರ ಪ್ಯಾಟ್ಯಾಗ ಏನಂತೀರಿ?

ಅಯೂಬ: ‘ನಮ್ಮ ಅಂಗಡಿ ಬಿಡೂಮಟಾ ಛಲೋನ ಇದ್ದೂ. ಆಮ್ಯಾಲಿಂದು ನಿನ್ನ ನಸೀಬ’ ಅಂತೇನಿ.

ಫರಹತ: ಬರೀರಿ ಅದನ್ನ. ನಮ್ಮ ಧಂದೇದಾಗೂ ದೊಡ್ಡ ದೊಡ್ಡವ್ರೆಲ್ಲಾ ಅದನ್ನ ಬರೀತಾರ: ‘ನನ್ನ ಕಂಪ್ಯೂಟರಿನ್ಯಾಗ ಛಲೋನ ನಡೀತೈತಿ’ ಅಂತ.