ಭೇದಿ ವಿಚಾರಿಸುವ ಮೈದುನ

ನನ್ನ ಮೈದುನನನ್ನು ಊಟಕ್ಕೆ ಕರೆಯುವ ಧೈರ್ಯ ದಾವಣಗೆರೆಯಲ್ಲಿ ಯಾರಿಗೂ ಇರಲಿಲ್ಲ. ಅವನೇನೂ ಕುಡುಕನಲ್ಲ, ಜಗಳಗಂಟನಲ್ಲ. ಪಕ್ಕದ ಎಲೆಯವರ ಕ್ಷೇಮ ವಿಚಾರಿಸುತ್ತಿದ್ದ, ಅಷ್ಟೆ. "ಮನ್ಯಾಗ ಸಣ್ಣ ಮಕ್ಕಳು ಅದಾವೇನ್ರಿ? ಈ ವಾರ ಭೇದಿ ಆಗಿತ್ತಾ? ನೀರಿನಂಗೋ, ಗಟ್ಟಿನೋ?" ಹೋಳಿಗೆಗೆ ಹಾಲು ಸುರಿದುಕೊಂಡು ಕೂತವರು ಏನು ಮಾಡಬೇಕು ಹೇಳಿ?

ತಪ್ಪು ಅವನ ನೌಕರಿಯದು. ಎಂಬತ್ತರ ದಶಕ ಶುರುವಾಗಿದ್ದ ಕಾಲ. ಎಳೆಮಕ್ಕಳ ಭೇದಿಗೆ ಯಾವುದೋ ವೈರಸ್ಸೂ ಕಾರಣವಂತೆ, ಅದು ಎಷ್ಟು ಮಕ್ಕಳನ್ನು ಕಾಡುತ್ತದೆಂದು ತಿಳಿಯಬೇಕಂತೆ. ಅದಕ್ಕಾಗಿ ನಿಟ್ಟುವಳ್ಳಿಯಿಂದ ಹರಿಹರದವರೆಗೆ ಮನೆಮನೆ ತಿರುಗಿ, ವಿಚಾರಿಸಿ, ಮಾದರಿ ತರುವ ಕೆಲಸ. ಯಾವುದರ ಮಾದರಿ ಎಂದು ನಾನು ಬಿಡಿಸಿ ಹೇಳಲಾರೆ. ಐಸ್ ತುಂಬಿದ ಥರ್ಮಾಸಿನಲ್ಲಿಟ್ಟು ಬಸ್ಸಿನಲ್ಲಿ ತರುತ್ತಿದ್ದ. ಒಮ್ಮೆ ಕಂಡಕ್ಟರು, "ಏನ್ರೀ, ಕುಲ್ಫಿನಾ?" ಎಂದನಂತೆ. ಸುಳ್ಳು ಹೇಳಿ ಗೊತ್ತಿಲ್ಲದ ಮೈದುನ ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಕಿಕ್ಕಿರಿದ ಬಸ್ಸಿನಲ್ಲಿ ಅವತ್ತು ಇಡೀ ಸೀಟು ಅವನೊಬ್ಬನದೇ.

ಇಂಥವನಿಗೆ ಹೆಣ್ಣು ನೋಡಲು ಹರಿಹರಕ್ಕೆ ಹೋದೆವು. ದಾರಿಯಲ್ಲೇ ಮಾತು ತೆಗೆದುಕೊಂಡಿದ್ದೆ. "ಬಾಯಿ ಬಿಡಬ್ಯಾಡ. ಉಪ್ಪಿಟ್ಟು ತಿನ್ನು, ಹುಡುಗಿ ನೋಡು."

"ಆತು ಅತ್ಗೆಮ್ಮ," ಎಂದಿದ್ದ.

ಹುಡುಗಿ ತಟ್ಟೆ ಹಿಡಿದು ಬಂದಳು. ಅಷ್ಟರಲ್ಲಿ ಒಳಗೆ ಒಂದು ಕೂಸು ಸಣ್ಣಗೆ ನರಳಿತು. ಮೈದುನ ತಲೆ ಎತ್ತಿದ.

"ಕೂಸಿಗೆ ಏನಾಗೈತ್ರಿ?"

"ನಮ್ಮ ಅಕ್ಕನ ಮಗ. ನಿನ್ನೆಯಿಂದ ಹೊಟ್ಟಿ ಕೆಟ್ಟೈತೆ," ಎಂದು ಹುಡುಗಿಯೇ ಹೇಳಿದಳು. "ನೀರು ಕೊಟ್ರೆ ಇನ್ನೂ ಜಾಸ್ತಿ ಆಗ್ತೈತೆ ಅಂತ ಕೊಟ್ಟಿಲ್ಲ."

ಅವನು ಎದ್ದು ನೇರ ಒಳಗೆ ಹೋಗಿಬಿಟ್ಟ. ನಾನೂ ಹಿಂದೆಯೇ ಓಡಿದೆ. ಕೂಸಿನ ಕಣ್ಣು ಗುಳಿಬಿದ್ದಿತ್ತು. ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ಡಾಕ್ಟರನ್ನು ಕರೆತರಲು ಒಬ್ಬರನ್ನು ಓಡಿಸಿದ. ಕಾಯಿಸಿ ಆರಿಸಿದ ನೀರಿಗೆ ಸಕ್ಕರೆ, ಉಪ್ಪು ಕದಡಿಸಿದ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ನೀವು ಚಮಚದಾಗ ಕುಡಿಸ್ರಿ, ನಿಧಾನಕ್ಕ," ಎಂದು ಹುಡುಗಿಗೆ ಹೇಳಿದ. ಕೂಸು ವಾಂತಿ ಮಾಡಿತು. "ಇರ್ಲಿ, ಸ್ವಲ್ಪ ತಡೆದು ಮತ್ತೆ ಕೊಡ್ರಿ."

ಹುಡುಗಿಯ ತಂದೆ ಬಾಗಿಲಲ್ಲಿ ನಿಂತು, "ಇವರು ಹೆಣ್ಣು ನೋಡಾಕ ಬಂದಾರೋ, ದವಾಖಾನಿ ಇಡಾಕ ಬಂದಾರೋ?" ಎಂದು ನನ್ನನ್ನೇ ಕೇಳಿದರು. ನನಗೂ ಗೊತ್ತಿರಲಿಲ್ಲ. ಡಾಕ್ಟರು ಬಂದು ನೋಡಿ, ಮಾಡುತ್ತಿರುವುದನ್ನೇ ಮಾಡಿ ಎಂದರು. ಉಪ್ಪಿಟ್ಟು ಆರಿ ಗಟ್ಟಿಯಾಯಿತು. ಬಿಸಿಲು ಇಳಿಯಿತು. ಹುಡುಗಿಯ ಚಮಚ ಮಾತ್ರ ನಿಲ್ಲಲಿಲ್ಲ.

ಆಗ ಕೂಸು, ನಾನೇ ಬಟ್ಟೆ ಆರಿಸಿ ಹೊಲಿಸಿದ ಅವನ ಬಿಳಿ ಟೆರಿಲಿನ್ ಪ್ಯಾಂಟಿನ ಮೇಲೆ ಉಚ್ಚೆ ಹೊಯ್ದಿತು. ತಂದೆ ಗಾಬರಿಯಾಗಿ ಟವೆಲ್ ತಂದರು. ಮೈದುನ ಅಲುಗಲಿಲ್ಲ.

"ಬಿಡ್ರಿ," ಎಂದ. "ಉಚ್ಚಿ ಬಂತಂದ್ರ ನೀರು ಮೈಗೆ ಹತ್ತೈತೆ. ಇನ್ನ ಉಳಿತಾನೆ." ಅಷ್ಟು ಹೇಳಿ ಅತ್ತುಬಿಟ್ಟ.

ಹುಡುಗಿ ಚಮಚ ಕೆಳಗಿಟ್ಟಳು. ಸೆರಗಿನಿಂದ ಮೊದಲು ಕೂಸಿನ ಬಾಯಿ ಒರೆಸಿದಳು. ಆಮೇಲೆ ಅದೇ ಸೆರಗಿನಿಂದ, ಅಷ್ಟೂ ಹಿರಿಯರ ಎದುರಿಗೆ, ಅವನ ಕಣ್ಣು ಒರೆಸಿದಳು.